ಎಡಗೈಯಲ್ಲಿ ಬರೆಯುವ ಮಗಳು ವಾಚನ್ನು ಯಾವ ಕೈಗೆ ಕಟ್ಟಬೇಕು?

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಬರೆಯುವುದು, ಚೆಂಡು ಎಸೆಯುವುದು ಎಲ್ಲವೂ ಎಡಗೈಯಲ್ಲಿ. ಊಟ ಮಾತ್ರ ಬಲಗೈಯಲ್ಲಿ. ನಮ್ಮ ಮಾವನವರು ತಮ್ಮ ಹಳೆಯ ಎಚ್‌ಎಂಟಿ ಜನತಾ ವಾಚನ್ನು ಅವಳಿಗೆ ಕೊಟ್ಟಿದ್ದಾರೆ. ಅವಳು ಅದನ್ನು ಬಲಗೈಗೆ ಕಟ್ಟಿಕೊಳ್ಳುತ್ತಾಳೆ. ವಾಚು ಎಡಗೈಗೇ ಕಟ್ಟಬೇಕು, ಊಟದ ಕೈಗೆ ಕಟ್ಟಬಾರದು ಎನ್ನುವುದು ಅತ್ತೆಯವರ ಮಾತು. ಕೀ ಕೊಡುವುದಕ್ಕೂ ಅವಳು ಒದ್ದಾಡುತ್ತಾಳೆ. ಎಡಗೈಗೆ ವಾಚು ಕಟ್ಟಿಸಿ ರೂಢಿ ಮಾಡಿಸಿದರೆ ಆ ಕೈಯ ಓಡಾಟ ಕಡಿಮೆಯಾಗಿ ಬರವಣಿಗೆ ಬಲಗೈಗೆ ಬರುತ್ತದೆ ಎಂದೂ ಕೆಲವರು ಹೇಳುತ್ತಾರೆ. ನಿಜವೇ? — ಒಬ್ಬ ತಾಯಿ, ತಳಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ವಾಚಿಗಿಂತ ಅದು ದೊಡ್ಡದು. ಇಲ್ಲ, ವಾಚು ಕಟ್ಟಿಸಿ ಮಗುವಿನ ಕೈಯನ್ನು ತಿರುಗಿಸಲು ಆಗುವುದಿಲ್ಲ. ಬೇರೆ ಯಾವ ಉಪಾಯದಿಂದಲೂ ತಿರುಗಿಸಲು ಹೋಗಬೇಡಿ. ಹೊಸೂರಿನಲ್ಲಿ ಮೂವತ್ತು ವರ್ಷಗಳಿಂದ ವಾಚುಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ ಎಂಬುದಕ್ಕಿಂತ, ನಾನೂ ಎಡಚನೇ ಎಂಬ ಕಾರಣಕ್ಕೆ ಇದನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಡೆಂಕಣಿಕೋಟೆ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನನ್ನ ಎಡಗೈ ಬೆರಳುಗಳ ಗೆಣ್ಣಿನ ಮೇಲೆ ರೂಲು ದೊಣ್ಣೆಯ ಏಟು ಬೀಳುತ್ತಿತ್ತು. ವರ್ಷ ತುಂಬುವುದರೊಳಗೆ ಬಳಪ ಬಲಗೈಗೆ ಬಂತು. ಹುಡುಗ ಸರಿಹೋದ ಎಂದು ಎಲ್ಲರೂ ಸಮಾಧಾನಪಟ್ಟರು. ಹನ್ನೆರಡನೆಯ ತರಗತಿ ಮುಗಿಸಿ ವಾಚು ಜೋಡಿಸುವ ಕೆಲಸಕ್ಕೆ ಸೇರಿದ ದಿನ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೇಜಿನ ಮುಂದೆ ಕುಳಿತೆ. ಚಿಮಟ ತೆಗೆದುಕೊಳ್ಳಿ ಎಂದರು. ನನ್ನ ಎಡಗೈ ತಾನಾಗಿಯೇ ಹೋಗಿ ಅದನ್ನು ಎತ್ತಿಕೊಂಡಿತು. ಸಾಸಿವೆಗಿಂತ ಸಣ್ಣ ತಿರುಪನ್ನು ಹಿಡಿಯಬೇಕಾದಾಗ ಹೊಡೆದು ಕಲಿಸಿದ್ದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹುಟ್ಟಿನ ಕೈಯೇ ಮುಂದಾಗುತ್ತದೆ. ನಮಗೆ ಕಲಿಸುತ್ತಿದ್ದ ಹಿರಿಯರು ಒಂದು ಕ್ಷಣ ನೋಡಿದರು. ನನ್ನ ಡಬ್ಬಿಗಳನ್ನೂ ಸ್ಕ್ರೂಡ್ರೈವರುಗಳನ್ನೂ ಎಡಬಲ ಅದಲುಬದಲು ಮಾಡಿಟ್ಟು, ಏನೂ ಹೇಳದೆ ಮುಂದಿನ ಮೇಜಿಗೆ ಹೋದರು. ನನ್ನ ಕೈಯನ್ನು ತಿದ್ದುವ ಬದಲು ಮೇಜನ್ನು ತಿದ್ದಿದ ಮೊದಲ ಮನುಷ್ಯ ಅವರು.

ಯಾವ ಕೈ ಮುಂದು ಎನ್ನುವುದು ಹೆಚ್ಚುಕಡಿಮೆ ಗರ್ಭದಲ್ಲಿಯೇ ತೀರ್ಮಾನವಾಗಿರುತ್ತದೆ. ಬೆಲ್‌ಫಾಸ್ಟಿನ ಮನಶ್ಶಾಸ್ತ್ರಜ್ಞ ಪೀಟರ್ ಹೆಪ್ಪರ್ ಮತ್ತು ಅವರ ಜೊತೆಗಾರರು, ಹೊಟ್ಟೆಯೊಳಗಿನ ಶಿಶುಗಳು ಯಾವ ಹೆಬ್ಬೆರಳನ್ನು ಚೀಪುತ್ತವೆ ಎಂದು ಸ್ಕ್ಯಾನಿಂಗಿನಲ್ಲಿ ನೋಡಿ ಗುರುತು ಹಾಕಿಕೊಂಡಿದ್ದರು. ಆ ಮಕ್ಕಳಲ್ಲಿ 75 ಮಂದಿಯನ್ನು ಹತ್ತು ಹನ್ನೆರಡು ವರ್ಷದವರಾದ ಮೇಲೆ ಮತ್ತೆ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರೇ ಆಗಿದ್ದರು. ಎಡ ಹೆಬ್ಬೆರಳು ಚೀಪಿದ್ದ 15 ಮಕ್ಕಳಲ್ಲಿ 10 ಮಂದಿ ಎಡಗೈಯವರು, 5 ಮಂದಿ ಬಲಗೈಯವರು. ಮಗು ಬಳಪವನ್ನು ಕಾಣುವ ಎಷ್ಟೋ ಮೊದಲೇ ನಡೆದುಹೋಗುವ ಸಂಗತಿ ಇದು. ಇನ್ನು, ಸುಮಾರು 24 ಲಕ್ಷ ಜನರ ವಿವರಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಎಡಗೈಯವರ ಪಾಲು ಶೇಕಡ 10.6. ನಿಮ್ಮ ಮಗಳ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಸರಾಸರಿ ಲೆಕ್ಕದಲ್ಲಿ ಅವರಲ್ಲಿ ನಾಲ್ವರು ಎಡಚರಿರಬೇಕು. ಒಬ್ಬಳೇ ಕಾಣಿಸುತ್ತಿದ್ದರೆ, ಉಳಿದ ಮೂವರ ಕೈಗೆ ಏನಾಯಿತು ಎಂದು ನನಗೆ ಯೋಚನೆಯಾಗುತ್ತದೆ.

ಕೈಗಳನ್ನು ಎಡ, ಬಲ ಎಂದು ಕೊಡಲಿಯಲ್ಲಿ ಸೀಳಿದಂತೆ ಎರಡು ಮಾಡಲೂ ಬರುವುದಿಲ್ಲ. ಸಚಿನ್ ತೆಂಡೂಲ್ಕರ್ ಬ್ಯಾಟು ಬೀಸಿದ್ದು ಬಲಗೈ ಆಟಗಾರನಾಗಿ, ಸಹಿ ಹಾಕುವುದು ಎಡಗೈಯಲ್ಲಿ. ಸೌರವ್ ಗಂಗೂಲಿ ಎಡಗೈ ಬ್ಯಾಟ್ಸ್‌ಮನ್, ಬಲಗೈ ಬೌಲರ್. 1909ರಲ್ಲಿ ಗಾಂಧೀಜಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಾಕ್ಕೆ ಹಡಗಿನಲ್ಲಿ ಹೋಗುವಾಗ ಬರೆದ ಪುಸ್ತಕದ ಹಸ್ತಪ್ರತಿಯಲ್ಲಿ 275 ಪುಟಗಳಿವೆ. ಬಲಗೈ ಸೋತಾಗ ಎಡಗೈಯಲ್ಲಿ ಬರೆದ ಪುಟಗಳೇ 40. ಎಡಗೈ ಬಲಗೈ ಅಳೆಯಲು ಸಂಶೋಧಕರು 1971ರಿಂದ ಬಳಸುತ್ತಿರುವ ಎಡಿನ್‌ಬರೊ ಪ್ರಶ್ನಾವಳಿಯೂ ಒಂದು ಕೆಲಸ ನೋಡಿ ತೀರ್ಪು ಕೊಡುವುದಿಲ್ಲ. ಬರೆಯುವುದು, ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ, ಹಲ್ಲುಜ್ಜುವ ಬ್ರಷ್, ಚಾಕು, ಚಮಚ, ಪೊರಕೆ ಹಿಡಿದಾಗ ಮೇಲಿರುವ ಕೈ, ಕಡ್ಡಿ ಗೀರುವುದು, ಡಬ್ಬಿಯ ಮುಚ್ಚಳ ತೆರೆಯುವುದು, ಹೀಗೆ ಹತ್ತನ್ನು ಕೇಳುತ್ತದೆ. ವಾಚು ಯಾವ ಕೈಯಲ್ಲಿದೆ ಎಂಬ ಪ್ರಶ್ನೆ ಆ ಹತ್ತರಲ್ಲಿ ಇಲ್ಲ. ಇರಬೇಕಾಗಿಯೂ ಇಲ್ಲ. ರಷ್ಯಾದ ಅಧ್ಯಕ್ಷ ಪುಟಿನ್ ಬರೆಯುವುದು ಬಲಗೈಯಲ್ಲಿ, ವಾಚು ಕಟ್ಟುವುದೂ ಬಲಗೈಗೇ.

ಹಾಗಾದರೆ ವಾಚು ಎಡಗೈಗೆ ಎಂಬ ಪದ್ಧತಿ ಎಲ್ಲಿಂದ ಬಂತು? ಅತ್ತೆಯವರಿಗೆ ಇದನ್ನು ಓದಿ ಹೇಳಿ, ಅವರಿಗೆ ಬೇಸರವಾಗಲಾರದು. ಇದು ಶಾಸ್ತ್ರವಲ್ಲ, ಒಂದು ಪುಟ್ಟ ಗುಂಡಿಯ ಕಥೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದವರೆಗೆ ಗಂಡಸರ ವಾಚು ಜೇಬಿನಲ್ಲಿರುತ್ತಿತ್ತು, ಕೀ ಕೊಡಲು ಬೇರೆಯೇ ಒಂದು ಬೀಗದ ಕೈಯಂಥ ಕೀಲಿ ಬೇಕಿತ್ತು. ಕನ್ನಡದಲ್ಲಿ ನಾವು ಇಂದಿಗೂ ವಾಚಿಗೆ ‘ಕೀ ಕೊಡುತ್ತೇವೆ’, ಆ ಕೀಲಿ ಹೋಗಿ ಎಷ್ಟು ಕಾಲವಾಗಿದ್ದರೂ. 1840ರ ದಶಕದಲ್ಲಿ ಆಡ್ರಿಯೆನ್ ಫಿಲಿಪ್ ಎಂಬ ಫ್ರೆಂಚ್ ಕುಶಲಕರ್ಮಿ, ವಾಚಿನ ಮೈಗೇ ಅಂಟಿದ ಗುಂಡಿಯನ್ನು ತಿರುಗಿಸಿ ಕೀ ಕೊಡುವ, ಮುಳ್ಳುಗಳನ್ನೂ ಸರಿಪಡಿಸುವ ವ್ಯವಸ್ಥೆ ಮಾಡಿದ. ನಮ್ಮ ಕಸುಬಿನಲ್ಲಿ ಆ ಗುಂಡಿಗೆ ಕ್ರೌನ್ ಎನ್ನುತ್ತೇವೆ. ಮುಚ್ಚಳವಿಲ್ಲದ ಜೇಬುಗಡಿಯಾರದಲ್ಲಿ ಕ್ರೌನ್ 12ರ ನೆತ್ತಿಯ ಮೇಲಿತ್ತು. ಮುಚ್ಚಳವಿರುವ ಜಾತಿಯದರಲ್ಲಿ 3ರ ಪಕ್ಕದಲ್ಲಿತ್ತು. ವಾಚು ಮಣಿಕಟ್ಟಿಗೆ ಬಂದಾಗ 12ರ ಜಾಗವನ್ನು ಬೆಲ್ಟು ಹಿಡಿದುಕೊಂಡಿತು. ಉಳಿದದ್ದು 3ರ ಪಕ್ಕ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಕೈಗೆ ವಾಚು ಕಟ್ಟಿದ ಮೇಲೆ, ಅಲ್ಲಿಯವರೆಗೆ ಹೆಂಗಸರ ಒಡವೆ ಎನಿಸಿಕೊಂಡಿದ್ದ ಕೈಗಡಿಯಾರ ಎಲ್ಲರದಾಯಿತು. 3ರ ಪಕ್ಕದ ಕ್ರೌನನ್ನು ಬಲಗೈ ಬೆರಳಿನಿಂದ ತಿರುಗಿಸಬೇಕಾದರೆ ವಾಚು ಎಡಗೈಯಲ್ಲಿರಬೇಕು. ನೂರರಲ್ಲಿ ತೊಂಬತ್ತು ಮಂದಿ ಬಲಗೈಯವರು. ರೂಢಿ ಹುಟ್ಟಲು ಅಷ್ಟು ಸಾಕಾಯಿತು.

ಹೊಸೂರಿನವರಿಗೆ ಇದು ಮನೆಯ ವಿಷಯವೂ ಹೌದು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ವಾಚುಗಳ ತಯಾರಿಕೆ ಶುರುವಾಯಿತು. 1980ರ ದಶಕದಲ್ಲಿ ಗಡಿ ದಾಟಿದರೆ ಸಿಗುವ ನಮ್ಮ ಊರಿಗೆ ಟೈಟನ್ ಕಾರ್ಖಾನೆ ಬಂತು. ಜೂಜುವಾಡಿಯಿಂದ ಮತ್ತಿಗಿರಿಯವರೆಗೆ ವಾಚಿನ ಕೆಲಸ ಬಲ್ಲ ಒಬ್ಬರಾದರೂ ಇಲ್ಲದ ಬೀದಿ ಕಡಿಮೆ. ಕೆಲಸದ ಮೇಜಿನಲ್ಲಿ ನಾವು ತೆಲುಗು, ತಮಿಳು, ಕನ್ನಡ ಮೂರನ್ನೂ ಆಡುತ್ತಿದ್ದೆವು. ಬಲಗಡೆ ಎನ್ನಲು ಒಬ್ಬರು ಕುಡಿ ಎನ್ನುವರು, ಇನ್ನೊಬ್ಬರು ವಲದು ಎನ್ನುವರು. ಕನ್ನಡದಲ್ಲಿ ಬಲ ಎಂದರೆ ಒಂದು ದಿಕ್ಕೂ ಹೌದು, ಶಕ್ತಿಯೂ ಹೌದು. ಎಡಗೈ ಮಕ್ಕಳಿಗೆ ನಮ್ಮ ಮಾತಿನಲ್ಲಿಯೇ ಸ್ವಲ್ಪ ಅನ್ಯಾಯವಾಗಿದೆ ಎಂದು ನನಗೆ ಆಗಾಗ ಅನ್ನಿಸಿದೆ.

ಈಗ ನಿಮ್ಮ ಮಗಳ ಕೈಗೆ ಬರೋಣ. ‘ಕೆಲಸ ಕಡಿಮೆ ಇರುವ ಕೈಗೆ ವಾಚು ಕಟ್ಟಿ’ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಹೇಳುತ್ತಿದ್ದೆ. ಅದು ಪೂರ್ತಿ ಸರಿಯಲ್ಲ ಎಂದು ಕಲಿಸಿದವರು ಬಾಗಲೂರು ರಸ್ತೆಯ ಕಡೆಯ ಪಾಲಿಹೌಸುಗಳಲ್ಲಿ ಗುಲಾಬಿ ಕೊಯ್ಯುವ ಹೆಣ್ಣುಮಕ್ಕಳು. ಅವರಲ್ಲಿ ಬಲಗೈಯವರೇ ಹೆಚ್ಚು, ಕತ್ತರಿ ಬಲಗೈಯಲ್ಲಿರುತ್ತದೆ. ಆದರೆ ಮುಳ್ಳಿನ ಗಿಡದೊಳಗೆ ನುಗ್ಗಿ ಕಾಂಡ ಹಿಡಿಯುವುದು ಎಡಗೈ. ಅವರ ಎಡಗೈ ವಾಚಿನ ಗಾಜು ನೋಡಿದರೆ ಬೆಕ್ಕು ಪರಚಿದಂತಿರುತ್ತದೆ. ಒಬ್ಬಾಕೆ ಮೂರನೆಯ ಬಾರಿ ಗಾಜು ಹಾಕಿಸಲು ಬಂದಾಗ, ಬಲಗೈಗೆ ಕಟ್ಟಿಕೊಂಡು ನೋಡಮ್ಮ ಎಂದೆ. ಆಮೇಲೆ ಗಾಜಿಗಾಗಿ ಆಕೆ ಬಂದಿಲ್ಲ. ರಾಗಿ ಕೊಯ್ಲಿನಲ್ಲೂ ಅಷ್ಟೆ: ಕುಡುಗೋಲು ಬಲಗೈಯಲ್ಲಿ, ತೆನೆಗಳ ಹಿಡಿ ಎಡಗೈಯಲ್ಲಿ, ಧೂಳು, ಸುಂಕು ಎಲ್ಲ ಎಡ ಮಣಿಕಟ್ಟಿಗೆ. ಅದೇ ಬಡಗಿಯಾದರೆ ಲೆಕ್ಕ ತಿರುಗಿತು. ಸುತ್ತಿಗೆ ಬೀಸುವ ಕೈಯ ಪ್ರತಿ ಏಟೂ ವಾಚಿನೊಳಗೆ ಅತ್ತಿತ್ತ ತೂಗಾಡಿ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರದ ಅಚ್ಚಿಗೆ ಮುಟ್ಟುತ್ತದೆ. ಆ ಅಚ್ಚಿನ ತುದಿ ತಲೆಕೂದಲಿನಷ್ಟು ಸಪೂರ. ಆದ್ದರಿಂದ ನಾನು ಈಗ ಗಿರಾಕಿಗಳನ್ನು ನೀವು ಎಡಚರೇ ಎಂದು ಕೇಳುವುದಿಲ್ಲ; ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಯಾವ ಕೈ ಏನೇನು ಮಾಡುತ್ತದೆ ಎಂದು ಕೇಳುತ್ತೇನೆ.

ಏಳನೆಯ ತರಗತಿಯ ಎಡಚ ಹುಡುಗಿಯ ದಿನವೆಂದರೆ ಮುಖ್ಯವಾಗಿ ಬರವಣಿಗೆ. ಕನ್ನಡವನ್ನಾಗಲಿ, ತಮಿಳನ್ನಾಗಲಿ, ಇಂಗ್ಲಿಷನ್ನಾಗಲಿ ಎಡದಿಂದ ಬಲಕ್ಕೆ ಬರೆಯುತ್ತೇವೆ. ಎಡಗೈ ಈಗಷ್ಟೇ ಬರೆದ ಅಕ್ಷರಗಳ ಮೇಲೆಯೇ ಜಾರಿಕೊಂಡು ಹೋಗುತ್ತದೆ, ಶಾಯಿ ಅಂಗೈಗೆ ಮೆತ್ತುತ್ತದೆ. ಅದೇ ಕೈಗೆ ವಾಚು ಕಟ್ಟಿದರೆ ಬಕಲ್ ಡೆಸ್ಕಿಗೆ ಉಜ್ಜುತ್ತದೆ, ಕ್ರೌನ್ ಅಂಗೈಯ ಹಿಂಭಾಗಕ್ಕೆ ಒತ್ತುತ್ತದೆ. ಅವಳು ಬಲಗೈಯನ್ನು ಆರಿಸಿಕೊಂಡದ್ದು ಶೋಕಿಗಲ್ಲ, ಅವಳ ಕೈ ಅವಳಿಗೆ ಹೇಳಿಕೊಟ್ಟದ್ದು. ಬರವಣಿಗೆಯ ಮಾತು ಬಂದಿರುವುದರಿಂದ ಎರಡು ಸಂಗತಿ ಹೇಳಿಬಿಡುತ್ತೇನೆ: ನೋಟ್‌ಪುಸ್ತಕದ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿಟ್ಟುಕೊಂಡರೆ ಕೈ ಅಕ್ಷರಗಳ ಕೆಳಗಿರುತ್ತದೆ, ಶಾಯಿ ಮೆತ್ತುವುದಿಲ್ಲ. ಬೆಂಚಿನ ಎಡ ತುದಿಯಲ್ಲಿ ಕೂರಿಸಲು ಶಿಕ್ಷಕರನ್ನು ಕೇಳಿಕೊಳ್ಳಿ, ಪಕ್ಕದವರ ಮೊಣಕೈಗೆ ಅವಳ ಮೊಣಕೈ ತಾಗುವುದು ತಪ್ಪುತ್ತದೆ.

ಅತ್ತೆಯವರ ‘ಊಟದ ಕೈ’ ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಹೊರದೇಶದವರು ಎಡಚರಿಗೆ ಬರೆಯುವ ಸಲಹೆಗಳಲ್ಲಿ ಈ ತೊಡಕು ಕಾಣಿಸುವುದೇ ಇಲ್ಲ, ಅವರು ಬೆರಳಿನಿಂದ ಅನ್ನ ಕಲಸುವುದಿಲ್ಲವಲ್ಲ. ನಮ್ಮ ಮನೆಗಳ ಎಡಚ ಮಕ್ಕಳು ಬರೆಯುವುದು ಎಡಗೈಯಲ್ಲಾದರೂ ಉಣ್ಣುವುದು ಬಲಗೈಯಲ್ಲಿ. ಹಾಗಾಗಿ ಅವರಿಗೆ ಬಿಡುವಾಗಿರುವ ಕೈ ಎಂಬುದೇ ಇಲ್ಲ. ಮುದ್ದೆ ಮುರಿಯುವಾಗ, ಸಾರನ್ನ ಕಲಸುವಾಗ ಬಲ ಮಣಿಕಟ್ಟಿನ ವಾಚಿಗೆ ಬಿಸಿ ಹಬೆ ತಗಲುತ್ತದೆ, ಕೈ ತೊಳೆಯುವಾಗ ನೀರು ಹರಿಯುತ್ತದೆ. ಎಡಗೈಗೆ ಕಟ್ಟಿದರೆ ಶೌಚದ ನೀರಿನ ಭಯ. ಜನತಾ ವಾಚಿಗೆ ನೀರು ಆಗದು. ಹಿಂದಿನ ಮುಚ್ಚಳದ ಅಂಚಿನಿಂದಲೋ ಕ್ರೌನಿನ ಬುಡದಿಂದಲೋ ಒಂದು ಹನಿ ಒಳಗೆ ಹೋದರೂ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಕೈ ಬದಲಿಸುವುದು ಪರಿಹಾರವಲ್ಲ. ಊಟಕ್ಕೆ ಕೂರುವ ಮೊದಲು ವಾಚು ಬಿಚ್ಚಿ ಗೂಡಿನಲ್ಲಿ ಇಡಬೇಕು. ಮಾವನವರೂ ಹಾಗೆ ಮಾಡುತ್ತಿದ್ದಿರಬಹುದು, ಕೇಳಿ ನೋಡಿ. ಆ ಕಾಲದ ವಾಚು ಇಷ್ಟು ವರ್ಷ ಬದುಕಿ ಉಳಿಯಬೇಕಾದರೆ ಅಂಥ ಅಭ್ಯಾಸ ಯಾರಿಗಾದರೂ ಇದ್ದೇ ಇರಬೇಕು.

ಕೀ ಕೊಡುವ ಒದ್ದಾಟಕ್ಕೆ ಕಾರಣ ಸರಳ. ಅವಳು ವಾಚನ್ನು ಕೈಯಲ್ಲಿರುವಾಗಲೇ ತಿರುಗಿಸಲು ನೋಡುತ್ತಿದ್ದಾಳೆ. ಬಲ ಮಣಿಕಟ್ಟಿನಲ್ಲಿ ಕ್ರೌನ್ ಮೊಣಕೈ ಕಡೆಗೆ ಮುಖ ಮಾಡಿರುತ್ತದೆ, ಎಡಗೈ ಬೆರಳು ಅಲ್ಲಿಗೆ ಸೊಟ್ಟಗೆ ಹೋಗಬೇಕು. ಹಾಗೆ ಸೊಟ್ಟಗೆ ಎಳೆದು ತಿರುಗಿಸಿದರೆ ಕ್ರೌನಿನ ಹಿಂದಿರುವ ಸಣ್ಣ ಉಕ್ಕಿನ ಕಡ್ಡಿ, ಅಂದರೆ ಸ್ಟೆಮ್, ಬಾಗುತ್ತದೆ ಅಥವಾ ಸವೆಯುತ್ತದೆ. ಬಲಗೈಯವರೂ ಕೈಯಲ್ಲಿಟ್ಟುಕೊಂಡೇ ಕೀ ಕೊಡಬಾರದು ಎನ್ನುವುದು ಇದೇ ಕಾರಣಕ್ಕೆ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಕಟ್ಟಿಕೊಳ್ಳುವ ಮೊದಲು ಕೀ ಕೊಡಲಿ. ವಾಚನ್ನು ಬಲಗೈಯಲ್ಲಿ, ಡಯಲ್ ತನ್ನ ಕಡೆಗೆ, 6 ಮೇಲೆ 12 ಕೆಳಗೆ ಬರುವಂತೆ ತಲೆಕೆಳಗಾಗಿ ಹಿಡಿದುಕೊಳ್ಳಲಿ. ಈಗ ಕ್ರೌನ್ ಅವಳ ಎಡಕ್ಕೆ, ಎಡಗೈ ಬೆರಳುಗಳಿಗೆ ನೇರವಾಗಿ ಬರುತ್ತದೆ. ಯಾವ ಕಡೆಗೆ ತಿರುಗಿಸಬೇಕು ಎಂಬ ಗೊಂದಲಕ್ಕೆ ನಾನು ಹೇಳಿಕೊಡುವ ಗುರುತು ಒಂದೇ: ಡಯಲ್ ಕಡೆಗಿರುವ ಬೆರಳು 12ರ ಕಡೆಗೆ ಸಾಗಬೇಕು. ವಾಚನ್ನು ಹೇಗೆ ಹಿಡಿದರೂ, ಯಾವ ಕೈಯವರಿಗಾದರೂ ಇದು ತಪ್ಪುವುದಿಲ್ಲ. ಅಕಸ್ಮಾತ್ ಹಿಂದಕ್ಕೆ ತಿರುಗಿಸಿದರೆ ಕಟಕಟ ಸದ್ದು ಬರುತ್ತದೆ ಅಷ್ಟೆ, ಹಾಳಾಗುವುದಿಲ್ಲ. ಬಿಗಿ ಹತ್ತಿದ್ದು ಬೆರಳಿಗೆ ತಿಳಿದ ಕೂಡಲೇ ನಿಲ್ಲಿಸಬೇಕು, ಇನ್ನೊಂದು ಸುತ್ತು ಇರಲಿ ಎನ್ನಬಾರದು.

ಬಲಗೈಗೆ ಕಟ್ಟಿದರೆ ವಾಚು ಸಮಯ ತಪ್ಪುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ನನಗೆ ಬಹಳ ಪ್ರೀತಿಯ ವಿಷಯ ಇದು. ಕೀ ಕೊಡುವ ವಾಚು ಮಲಗಿದ್ದಾಗ ಒಂದು ಓಟ, ನಿಂತಾಗ ಇನ್ನೊಂದು ಓಟ ಓಡುತ್ತದೆ. ಬ್ಯಾಲೆನ್ಸ್ ಚಕ್ರದ ತೂಕದಲ್ಲಿ ಕಣ್ಣಿಗೆ ಕಾಣದಷ್ಟು ಏರುಪೇರಿದ್ದರೂ ಭೂಮಿಯ ಸೆಳೆತ ಅದನ್ನು ಹಿಡಿದುಬಿಡುತ್ತದೆ. ಅದಕ್ಕೇ ಕರಾರುವಾಕ್ಕಾದ ವಾಚಿಗೆ ಕೊಡುವ ಕ್ರೋನೋಮೀಟರ್ ಎಂಬ ಹೆಸರು ಪಡೆಯಬೇಕಾದ ವಾಚಿನ ಯಂತ್ರವನ್ನು 15 ದಿನ, ಐದು ಭಂಗಿಗಳಲ್ಲಿ, ಮೂರು ಉಷ್ಣತೆಗಳಲ್ಲಿ ಪರೀಕ್ಷಿಸುತ್ತಾರೆ. ದಿನದ ಸರಾಸರಿ ವ್ಯತ್ಯಾಸ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಇದರೊಳಗೇ ಇರಬೇಕು. ಎಡಗೈಗೆ ಕಟ್ಟಿ ತೋಳನ್ನು ಇಳಿಬಿಟ್ಟರೆ ಕ್ರೌನ್ ನೆಲದ ಕಡೆಗಿರುತ್ತದೆ. ಬಲಗೈಗೆ ಕಟ್ಟಿದರೆ ಆಕಾಶದ ಕಡೆಗೆ. ಇಷ್ಟು ವರ್ಷ ಮಾವನವರ ಎಡಗೈಯಲ್ಲಿ ಓಡಿದ ವಾಚು ಮಗಳ ಬಲಗೈಯಲ್ಲಿ ದಿನಕ್ಕೆ ಕೆಲವು ಸೆಕೆಂಡು ಹಿಂದು ಮುಂದಾದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಟೈಮಿಂಗ್ ಯಂತ್ರದ ಮೇಲೆ ಕ್ರೌನ್ ಮೇಲಾಗಿಟ್ಟು ಬಡಿತ ಕೇಳಿ, ಅವಳ ಕೈಗೆ ಹೊಂದುವಂತೆ ಸರಿಪಡಿಸಬಹುದು. ಬಲಗೈ ವಾಚಿಗೆ ಒಂದು ಲಾಭವೂ ಇದೆ: ಕ್ರೌನ್ ಮೊಣಕೈ ಕಡೆಗಿರುವುದರಿಂದ ಅದು ಬಾಗಿಲಿಗೋ ಗೋಡೆಗೋ ತಗಲಿ ಏಟು ತಿನ್ನುವುದು ಕಡಿಮೆ. ರಿಪೇರಿಗೆ ಬರುವ ಬಲಗೈ ವಾಚುಗಳಲ್ಲಿ ನಾನು ಕಾಣುವ ಪೆಟ್ಟುಗಳು ಹೆಚ್ಚಾಗಿ 9ರ ಅಂಚಿನಲ್ಲಿರುತ್ತವೆ. ಅಲ್ಲಿ ಬಿದ್ದರೆ ಚಿಂತೆಯಿಲ್ಲ.

ಎಡಚರಿಗೆಂದೇ ಕ್ರೌನನ್ನು 9ರ ಪಕ್ಕಕ್ಕೆ ಇಟ್ಟ ವಾಚುಗಳೂ ಇವೆ. ರೋಲೆಕ್ಸ್ 2022ರಲ್ಲಿ ಅಂಥದ್ದೊಂದನ್ನು ಹೊರತಂದಾಗ ದೊಡ್ಡ ಸುದ್ದಿಯಾಯಿತು. ಅವು ದುಬಾರಿ, ನಿಮಗೆ ಬೇಕಾಗಿಲ್ಲ. ಇರುವ ವಾಚಿನ ಡಯಲನ್ನೇ ಅರ್ಧ ಸುತ್ತು ತಿರುಗಿಸಿ ಕ್ರೌನ್ ಎಡಕ್ಕೆ ಬರುವಂತೆ ಮಾಡಿಕೊಡಿ ಎಂದು ಕೆಲವರು ಕೇಳುತ್ತಾರೆ. ಅದು ಸಾಧ್ಯ, ಆದರೆ ಡಯಲಿನ ಹಿಂದಿರುವ ಎರಡು ಪುಟ್ಟ ಕಾಲುಗಳನ್ನು ಕತ್ತರಿಸಿ ಅಂಟು ಹಾಕಿ ಕೂರಿಸಬೇಕು. ಅಜ್ಜನ ವಾಚಿಗೆ ಅದನ್ನು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಮಾಡುತ್ತೇನೆ ಎನ್ನುವವರು ಸಿಕ್ಕಿದರೂ ಕೊಡಬೇಡಿ. 2016ರಲ್ಲಿ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿದ ಮೇಲೆ ಮೂಲ ಡಯಲುಗಳು ಹೊಸದಾಗಿ ಬರುತ್ತಿಲ್ಲ. ಬೆಲ್ಟಿಗೆ ಎಡಬಲವಿಲ್ಲ, ಯಾವ ಕೈಗಾದರೂ ಬಕಲ್ ಒಂದೇ ರೀತಿ ಬೀಳುತ್ತದೆ.

ಮುಂದೆ ಅವಳು ಸೆಲ್ ಹಾಕುವ ವಾಚು ಕಟ್ಟಿದರೆ ಈ ತೊಂದರೆಯೇ ಇರುವುದಿಲ್ಲ. ತಾರೀಕು ತೋರಿಸುವ ಸಾದಾ ವಾಚಾದರೂ 31 ದಿನಗಳಿಲ್ಲದ ಐದು ತಿಂಗಳು ಮುಗಿದಾಗ ಮಾತ್ರ ಕ್ರೌನ್ ಮುಟ್ಟಬೇಕು, ವರ್ಷಕ್ಕೆ ಐದು ಸಲ. ಸ್ಮಾರ್ಟ್ ವಾಚುಗಳಲ್ಲಿ ಯಾವ ಕೈಗೆ ಕಟ್ಟಿದ್ದೀರಿ ಎಂದು ಸೆಟ್ಟಿಂಗಿನಲ್ಲಿ ಕೇಳುತ್ತಾರೆ. ಅಲ್ಲಿ ನಿಜ ಹೇಳಬೇಕು, ಇಲ್ಲದಿದ್ದರೆ ಬರೆಯುವ ಕೈಯ ಓಡಾಟವೂ ಹೆಜ್ಜೆಯ ಲೆಕ್ಕದಲ್ಲಿ ಸೇರಿಕೊಳ್ಳಬಹುದು.

ಸದ್ಯಕ್ಕೆ ಅವಳು ಬಲಗೈಗೇ ಕಟ್ಟಿಕೊಳ್ಳಲಿ. ದಪ್ಪ ಮಣಿಕಟ್ಟಿಗೆ ಮಾಡಿದ ಬೆಲ್ಟು ಹನ್ನೆರಡು ವರ್ಷದ ಕೈಗೆ ಸಡಿಲವಾಗಿ, ವಾಚು ಜಾರಿ ಒಳಗಡೆಗೆ ತಿರುಗುತ್ತಿರಬೇಕು. ಕಿರುಬೆರಳು ಕಷ್ಟಪಟ್ಟು ನುಸುಳುವಷ್ಟು ಬಿಗಿ ಇದ್ದರೆ ಸಾಕು. ಮನೆಯಲ್ಲಿ ಕಾದ ಮೊಳೆಯಿಂದ ತೂತು ಹಾಕಬೇಡಿ, ಚರ್ಮ ಸುಟ್ಟು ಅಲ್ಲಿಂದಲೇ ಸೀಳುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರವಾದರೂ ಸರಿ, ವಾಚಿನ ಅಂಗಡಿಯಲ್ಲಾದರೂ ಸರಿ, ಪಂಚಿನಿಂದ ಎರಡು ತೂತು ಹಾಕಿಸಿಕೊಳ್ಳಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಅವಳ ಬಲ ಮಣಿಕಟ್ಟಿನ ಮೇಲಿಟ್ಟೇ ಅಳತೆ ನೋಡಬೇಕು.